ಆರ್ವೆಲ್ಲನ ಕೋಣೆ ಮತ್ತು ಇಂಗ್ಲಿಷರ ಗೊಣಗಾಟ

ಇಂಗ್ಲೆಂಡಿನಲ್ಲಿ ಗೊಣಗಾಟ ಕೂಡ ಒಂದು ಸಾಹಿತ್ಯ ಪ್ರಕಾರ. ಪಕ್ಕದ ಮನೆಯವನ ನಾಯಿ ಬೊಗಳುತ್ತದೆ, ರೈಲು ತಡವಾಗಿ ಬರುತ್ತದೆ, ಸಾಲಿನಲ್ಲಿ ಯಾರೋ ನಡುವೆ ನುಗ್ಗುತ್ತಾರೆ, ಯಾವ ರಾಜಕುಮಾರನಿಗೋ ಮದುವೆ ಅಂತ ಬೀದಿಗೆಲ್ಲ ಬಾವುಟ ಕಟ್ಟುತ್ತಾರೆ – ಇವೆಲ್ಲದರ ಮೇಲೂ ಅಲ್ಲಿನವರು ಪತ್ರಿಕೆಗೆ ಕಾಗದ ಬರೆಯುತ್ತಾರೆ, ಅಂಕಣ ಬರೆಯುತ್ತಾರೆ, ಟಿ.ವಿ.ಯಲ್ಲಿ ಕೂತು ನಗಿಸುತ್ತಾರೆ. ಚೆನ್ನಾಗಿ ಬರೆಯುವವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ‘ನಮಗ್ಯಾಕಪ್ಪ ಈ ಬಿಳಿಯರ ಸಿಡುಕು?’ ಅಂತ ಗೆಳೆಯರು ಕೇಳಬಹುದು. ಕೇಳಲಿ. ಯಾರ ಗೊಣಗಾಟ ಕಾನೂನಾಗುತ್ತದೆ, ಯಾರದು ನಗೆಯಾಗುತ್ತದೆ, ಯಾರದು ಪೊಲೀಸ್ ಕೇಸಾಗುತ್ತದೆ ಅನ್ನುವುದು ಆ ದೇಶದಲ್ಲಿ ಬಹಳ ಬಿಚ್ಚಾಗಿ ಕಾಣುತ್ತದೆ.

ಬಿ.ಬಿ.ಸಿ.ಯಲ್ಲಿ ‘ರೂಮ್ 101’ ಅನ್ನುವ ಕಾರ್ಯಕ್ರಮವೊಂದಿತ್ತು. 1992ರಲ್ಲಿ ರೇಡಿಯೋದಲ್ಲಿ ಶುರುವಾಗಿ 1994ರಲ್ಲಿ ಟಿ.ವಿ.ಗೆ ಬಂತು, ನಡುವೆ ಕೆಲವು ವರ್ಷ ನಿಂತು 2018ರವರೆಗೂ ನಡೆಯಿತು. ಆಟ ಸರಳ. ಒಬ್ಬ ಹೆಸರಾಂತ ಅತಿಥಿ ಬರುತ್ತಾನೆ. ತನಗೆ ಸಹಿಸಲಾಗದ ವಸ್ತುಗಳನ್ನೋ ಜನರನ್ನೋ ಅಭ್ಯಾಸಗಳನ್ನೋ ಒಂದೊಂದಾಗಿ ಹೇಳುತ್ತಾನೆ. ಯಾಕೆ ಸಹಿಸಲಾಗದು ಅಂತ ವಾದ ಮಾಡುತ್ತಾನೆ. ನಡೆಸುವವನು ಒಪ್ಪಿದರೆ ಅದು ನೂರಾ ಒಂದನೇ ಕೋಣೆಗೆ ಬೀಳುತ್ತದೆ, ಲೋಕದಿಂದ ತೊಲಗಿದ ಲೆಕ್ಕ. ಜನ ಚಪ್ಪಾಳೆ ತಟ್ಟುತ್ತಾರೆ. ಮಾರನೆಯ ದಿನ ಆ ವಸ್ತು ಲೋಕದಲ್ಲಿ ಹಾಗೆಯೇ ಇರುತ್ತದೆ.

ಕೋಣೆಯ ಹೆಸರು ಬಂದದ್ದು ಜಾರ್ಜ್ ಆರ್ವೆಲ್‌ನ ‘1984’ ಕಾದಂಬರಿಯಿಂದ. 1949ರಲ್ಲಿ ಪ್ರಕಟವಾದ ಆ ಕಾದಂಬರಿಯಲ್ಲಿ ಪ್ರೇಮ ಮಂತ್ರಾಲಯ ಅಂದರೆ ಚಿತ್ರಹಿಂಸೆಯ ಇಲಾಖೆ. ಅಲ್ಲಿನ ನೂರಾ ಒಂದನೇ ಕೋಣೆಯಲ್ಲಿ ಪ್ರತಿಯೊಬ್ಬ ಕೈದಿಗೂ ಅವನವನು ಅತ್ಯಂತ ಹೆದರುವ ವಸ್ತು ಕಾದಿರುತ್ತದೆ. ನಾಯಕ ವಿನ್‌ಸ್ಟನ್‌ಗೆ ಇಲಿಯೆಂದರೆ ಜೀವ ಹೋಗುವಷ್ಟು ಭಯ. ಹಸಿದ ಇಲಿಗಳ ಪಂಜರ ಮುಖದ ಹತ್ತಿರ ಬಂದಾಗ ಅವನು ತಾನು ಪ್ರೀತಿಸಿದ ಹೆಣ್ಣನ್ನು ಬಿಟ್ಟುಕೊಡುತ್ತಾನೆ. ಪ್ರಭುತ್ವ ಮನುಷ್ಯನ ಕೊನೆಯ ಮೂಲೆಗೂ ಕೈಹಾಕುವ ಜಾಗ ಅದು. ಅಂಥ ಕೋಣೆಯನ್ನು ಬಿ.ಬಿ.ಸಿ. ಕಸದ ಬುಟ್ಟಿ ಮಾಡಿಕೊಂಡಿತು.

ಇಲ್ಲೊಂದು ಸ್ವಾರಸ್ಯವಿದೆ. ಆರ್ವೆಲ್ 1941ರಿಂದ 1943ರವರೆಗೆ ಇದೇ ಬಿ.ಬಿ.ಸಿ.ಯಲ್ಲಿ, ಭಾರತಕ್ಕೆ ಪ್ರಸಾರ ಮಾಡುವ ವಿಭಾಗದಲ್ಲಿ ಕೆಲಸಕ್ಕಿದ್ದ. ‘ಅನ್‌ಟಚಬಲ್’ ಬರೆದ ಮುಲ್ಕ್‌ರಾಜ್ ಆನಂದರೂ ಅಲ್ಲಿಂದ ಪ್ರಸಾರ ಮಾಡಿದವರೇ. ಆಫೀಸಿನಲ್ಲಿ ಆಕಳಿಸುತ್ತ ಕೂರಬೇಕಾಗಿದ್ದ ಮೀಟಿಂಗು ಕೋಣೆಯ ನಂಬರನ್ನೇ ಆರ್ವೆಲ್ ಕಾದಂಬರಿಗೆ ತಂದ ಅಂತ ಹೇಳುವವರಿದ್ದಾರೆ. ಅದು ನಿಜವಾದರೆ ನೋಡಿ: ಗುಮಾಸ್ತಿಕೆಯ ಒಂದು ಪುಟ್ಟ ಕಿರಿಕಿರಿಯನ್ನು ಹಿಡಿದು ಅವನು ಅಧಿಕಾರದ ಕ್ರೌರ್ಯದವರೆಗೆ ಹೋದ. ಅವನು ಸತ್ತ ಮೇಲೆ ಅದೇ ಸಂಸ್ಥೆ ಆ ಕ್ರೌರ್ಯವನ್ನು ವಾಪಸು ಕಿರಿಕಿರಿಯ ಮಟ್ಟಕ್ಕೆ ಇಳಿಸಿತು.

ನಗಬಾರದೆಂದು ನಾನು ಹೇಳುತ್ತಿಲ್ಲ. ನಗದವನ ಬಂಡಾಯ ಬಹಳ ದಿನ ಬಾಳುವುದಿಲ್ಲ. ನನ್ನ ತಕರಾರು ಆ ಕೋಣೆಯ ತಕ್ಕಡಿಯ ಬಗ್ಗೆ. ಅಲ್ಲಿ ಎಲ್ಲಕ್ಕೂ ಒಂದೇ ತೂಕ. ಕಾಲುಚೀಲ, ಮೇಲಿನ ಮನೆಯ ರೇಡಿಯೋ, ರಾಜಮನೆತನ – ಏನು ಬೇಕಾದರೂ ಹಾಕು, ಎಲ್ಲವೂ ‘ನನಗೆ ಆಗಿಬರದ ಸಂಗತಿ’ ಆಗಿಬಿಡುತ್ತವೆ. ಯಾಕೆ ಹೀಗೆ, ಇದರಿಂದ ಯಾರ ಹೊಟ್ಟೆ ತುಂಬುತ್ತದೆ ಅನ್ನುವ ಪ್ರಶ್ನೆಗೆ ಅಲ್ಲಿ ಕುರ್ಚಿಯೇ ಇಲ್ಲ.

ಗೊಣಗಾಟಕ್ಕೆ ಬೇರೆ ದಾರಿಯೂ ಇದೆ ಅಂತ ತೋರಿಸಿಕೊಟ್ಟವನು ಆರ್ವೆಲ್ಲನೇ. ನಮ್ಮ ಮೇಷ್ಟ್ರುಗಳಿಗೆ ಅವನು ಆನೆಗೆ ಗುಂಡು ಹೊಡೆದ ಪ್ರಬಂಧದಿಂದ ಪರಿಚಯ. 1943ರ ಡಿಸೆಂಬರಿನಿಂದ ‘ಟ್ರಿಬ್ಯೂನ್’ ವಾರಪತ್ರಿಕೆಯಲ್ಲಿ ಅವನು ‘ಆ್ಯಸ್ ಐ ಪ್ಲೀಸ್’ – ‘ನನಗೆ ತೋಚಿದ ಹಾಗೆ’ ಅನ್ನೋಣ – ಎಂಬ ಅಂಕಣ ಬರೆಯತೊಡಗಿದ. 1947ರವರೆಗೆ, ನಡುನಡುವೆ ಬಿಟ್ಟು, 80 ಕಂತು. ಪಾತ್ರೆ ತೊಳೆಯುವುದು ಎಂಥ ಬೇಸರದ ಕೆಲಸ ಅನ್ನುವುದರಿಂದ ಹಿಡಿದು ಯುದ್ಧದ ಸುಳ್ಳುಗಳವರೆಗೆ ಅದರಲ್ಲಿ ಎಲ್ಲವೂ ಬಂತು.

1944ರ ಆಗಸ್ಟಿನ ಒಂದು ಕಂತನ್ನು ನೋಡಿ. ಲಂಡನ್ನಿನಲ್ಲಿ ಶ್ರೀಮಂತರ ಮನೆಗಳ ಸಾಲಿನ ನಡುವೆ ಚೌಕಾಕಾರದ ತೋಟಗಳಿವೆ. ಸುತ್ತ ಕಬ್ಬಿಣದ ಕಂಬಿಬೇಲಿ, ಗೇಟಿಗೆ ಬೀಗ, ಬೀಗದ ಕೈ ಆ ಮನೆಯವರ ಹತ್ತಿರ ಮಾತ್ರ. ಯುದ್ಧಕ್ಕೆ ಕಬ್ಬಿಣ ಬೇಕೆಂದು ಸರ್ಕಾರ ಕಂಬಿಗಳನ್ನು ಕಿತ್ತುಕೊಂಡು ಹೋಯಿತು. ತೋಟಗಳು ತಂತಾನೇ ಊರಿನವಾದವು, ಬಡವರ ಮಕ್ಕಳು ಒಳಗೆ ಬಂದು ಆಡಿದರು. ಯುದ್ಧ ಮುಗಿಯುವ ಸೂಚನೆ ಕಂಡದ್ದೇ ತಡ, ಕಬ್ಬಿಣ ಸಿಗದಿದ್ದರೆ ಕಟ್ಟಿಗೆಯದಾದರೂ ಸರಿ ಅಂತ ಬೇಲಿ ಮತ್ತೆ ಎದ್ದಿತು. ಆರ್ವೆಲ್ ಅದರ ಮೇಲೆ ಗೊಣಗಿದ. ದಾರಿಹೋಕನ ಸಣ್ಣ ಸಿಡುಕು ಅಷ್ಟೆ, ನಾಲ್ಕು ಸಾಲಿನದು.

ಓದುಗನೊಬ್ಬ ಕಾಗದ ಬರೆದ: ಅದು ಖಾಸಗಿ ಸ್ವತ್ತು ಸ್ವಾಮಿ, ನೀವು ಹೇಳುವುದು ಕಳ್ಳತನವಲ್ಲವೇ? ಎರಡು ವಾರ ಬಿಟ್ಟು ಆರ್ವೆಲ್ ಉತ್ತರ ಕೊಟ್ಟ. ಇಂಗ್ಲೆಂಡಿನ ನೆಲವನ್ನು ಅದರ ಜನಕ್ಕೆ ಹಿಂದಿರುಗಿಸುವುದಕ್ಕೆ ಕಳ್ಳತನ ಅಂತ ಹೆಸರಿದ್ದರೆ ಆ ಹೆಸರು ತನಗೆ ಒಪ್ಪಿಗೆ ಅಂದ. ಈ ಭೂಮಾಲೀಕರಿಗೆ ಭೂಮಿ ಹೇಗೆ ಬಂತು ಅಂತ ಕೇಳಿದ. ಮೊದಲು ಬಲದಿಂದ ಹಿಡಿದುಕೊಂಡರು, ಆಮೇಲೆ ವಕೀಲರನ್ನಿಟ್ಟು ಪತ್ರ ಮಾಡಿಸಿಕೊಂಡರು ಅಂತ ಬಿಡಿಸಿ ಹೇಳಿದ. ಊರಿನವರೆಲ್ಲ ದನ ಮೇಯಿಸುತ್ತಿದ್ದ ಗೋಮಾಳಗಳಿಗೆ ಇನ್ನೂರೈವತ್ತು ವರ್ಷಗಳ ಕಾಲ ಬೇಲಿ ಬಿದ್ದ ಚರಿತ್ರೆಯನ್ನು ಒಂದು ತೋಟದ ಕಂಬಿಯಿಂದ ಎಳೆದು ತಂದ. ಗೊಣಗಾಟದ ಬೇರು ಹಿಡಿದು ಎಳೆಯುವುದು ಅಂದರೆ ಇದು. ಸಾಲಿನ ಸೊಗಸಿಗಿಂತ ಆ ಎಳೆಯುವ ಜೋರು ನನಗೆ ದೊಡ್ಡದಾಗಿ ಕಾಣುತ್ತದೆ.

ಹಾಗಂತ ಆರ್ವೆಲ್ಲನನ್ನು ಗದ್ದುಗೆಗೆ ಏರಿಸಬೇಕಾಗಿಲ್ಲ. 1946ರ ಜನವರಿಯಲ್ಲಿ ಒಳ್ಳೆಯ ಟೀ ಮಾಡುವುದಕ್ಕೆ 11 ನಿಯಮ ಬರೆದ. ಟೀ ಸೊಪ್ಪು ಭಾರತದ್ದೋ ಸಿಲೋನಿನದ್ದೋ ಆಗಬೇಕು ಅಂದ. ಬಗ್ಗಿ ಆ ಸೊಪ್ಪು ಕಿತ್ತ ಕೈಗಳ ಬಗ್ಗೆ ಮಾತಿಲ್ಲ. ಬಿಹಾರದ ಮೋತಿಹಾರಿಯಲ್ಲಿ, ಅಫೀಮು ಇಲಾಖೆಯ ಅಧಿಕಾರಿಯ ಮಗನಾಗಿ ಹುಟ್ಟಿದವನು. ಬರ್ಮಾದಲ್ಲಿ ಐದು ವರ್ಷ ಪೊಲೀಸ್ ಲಾಠಿ ಹಿಡಿದವನು. ಅವನಿಗೆ ಗೊತ್ತಿರಲಿಲ್ಲ ಅನ್ನೋಣವೆಂದರೆ, 1939ರಲ್ಲೇ ‘ಮರಾಕೇಶ್’ ಪ್ರಬಂಧದಲ್ಲಿ ಕಂದುಬಣ್ಣದ ದುಡಿಯುವವರು ಬಿಳಿಯರ ಕಣ್ಣಿಗೆ ಕಾಣುವುದೇ ಇಲ್ಲ, ಬೆನ್ನ ಮೇಲಿನ ಸೌದೆ ಮಾತ್ರ ಕಾಣುತ್ತದೆ ಅಂತ ಬರೆದಿದ್ದ. ಟೀ ಲೋಟ ಕೈಗೆ ಬಂದಾಗ ಅವನ ಕಣ್ಣಿಗೂ ಸೊಪ್ಪು ಮಾತ್ರ ಕಂಡಿತು.

ಈಗ ಸದ್ದಿನ ವಿಷಯ. ಇಂಗ್ಲಿಷ್ ಗೊಣಗಾಟದಲ್ಲಿ ಸದ್ದಿಗೆ ಮೊದಲಿನಿಂದಲೂ ಮೊದಲ ಮಣೆ. ಕಂಪ್ಯೂಟರಿನ ಮೂಲಪುರುಷ ಅಂತ ಹೊಗಳಿಸಿಕೊಳ್ಳುವ ಚಾರ್ಲ್ಸ್ ಬ್ಯಾಬೇಜ್ ಲಂಡನ್ನಿನ ಬೀದಿ ವಾದ್ಯದವರ ಮೇಲೆ ದೊಡ್ಡ ಯುದ್ಧವನ್ನೇ ಹೂಡಿದ್ದ. ಕೈಯಲ್ಲಿ ತಿರುಗಿಸಿದರೆ ಹಾಡುವ ಪೆಟ್ಟಿಗೆಯನ್ನು ಹೊತ್ತು ಬೀದಿ ಅಲೆಯುತ್ತಿದ್ದವರಲ್ಲಿ ಬಹಳ ಮಂದಿ ಇಟಲಿಯಿಂದ ಹೊಟ್ಟೆಪಾಡಿಗೆ ಬಂದ ಬಡವರು. ಇವರ ಗಲಾಟೆಯಿಂದ ತನ್ನ ದುಡಿಯುವ ಶಕ್ತಿಯ ನಾಲ್ಕನೇ ಒಂದು ಭಾಗ ಹಾಳಾಯಿತು ಅಂತ ಬ್ಯಾಬೇಜ್ 1864ರ ಆತ್ಮಕತೆಯಲ್ಲಿ ಲೆಕ್ಕ ಕೊಟ್ಟ. ಈ ಸಂಗೀತಕ್ಕೆ ಕುಮ್ಮಕ್ಕು ಕೊಡುವವರ ಪಟ್ಟಿಯನ್ನೂ ಕೊಟ್ಟ. ಅದರಲ್ಲಿ ಹೆಂಡದಂಗಡಿಯವರಿದ್ದಾರೆ, ಮನೆಯಾಳುಗಳಿದ್ದಾರೆ, ಮಕ್ಕಳಿದ್ದಾರೆ, ಹಳ್ಳಿಯಿಂದ ಊರು ನೋಡಲು ಬಂದವರಿದ್ದಾರೆ! ಹಾಡು ಯಾರಿಗೆ ಇಷ್ಟವಾಗಿತ್ತು ಅಂತ ಇದಕ್ಕಿಂತ ಚೆನ್ನಾಗಿ ಯಾವ ಸಮಾಜಶಾಸ್ತ್ರಜ್ಞನೂ ಹೇಳಲಾರ. ಅದೇ 1864ರಲ್ಲಿ ಪಾರ್ಲಿಮೆಂಟು ಕಾಯಿದೆ ಮಾಡಿತು. ತನ್ನ ಕೆಲಸಕ್ಕೆ ಅಡ್ಡಿಯಾಗುತ್ತಿದೆ ಅಂತ ಮನೆಯ ಯಜಮಾನ ಹೇಳಿದರೆ ವಾದ್ಯದವನು ಎದ್ದು ಹೋಗಬೇಕು, ಹೋಗದಿದ್ದರೆ ಪೊಲೀಸರು ವಾರಂಟಿಲ್ಲದೆ ಹಿಡಿಯಬಹುದು. ಬಾರಿಸುವವನ ಕೆಲಸ ಕೆಲಸವಲ್ಲವೇ ಅನ್ನುವ ಪ್ರಶ್ನೆ ಆ ಕಾಯಿದೆಯೊಳಕ್ಕೆ ಬರಲಿಲ್ಲ.

ಇನ್ನೊಬ್ಬ ಮಹಾಶಯ ಥಾಮಸ್ ಕಾರ್ಲೈಲ್. ಪಕ್ಕದ ಮನೆಯ ಹುಂಜ ಕೂಗಿದರೆ ಇವನಿಗೆ ಬರೆಯಲಾಗುತ್ತಿರಲಿಲ್ಲ. 1853ರಲ್ಲಿ ಮನೆಯ ಮೇಲೆ ಸದ್ದು ತೂರದ ಕೋಣೆ ಕಟ್ಟಿಸಿದ. ಸದ್ದು ತೂರಿತು. ಇದೇ ಸೂಕ್ಷ್ಮ ಕಿವಿಯವನು ಅದಕ್ಕೆ ನಾಲ್ಕು ವರ್ಷ ಮುಂಚೆ, 1849ರಲ್ಲಿ, ವೆಸ್ಟ್ ಇಂಡೀಸಿನಲ್ಲಿ ಜೀತದಿಂದ ಬಿಡುಗಡೆಯಾದ ಕರಿಯರನ್ನು ಬಲವಂತದಿಂದ ದುಡಿಸಬೇಕು ಅಂತ ಲೇಖನ ಬರೆದಿದ್ದ. ಹುಂಜದ ಕೂಗು ಕೇಳಿಸಿದ ಕಿವಿಗೆ ಚಾಟಿಯ ಸದ್ದು ಕೇಳಿಸಲಿಲ್ಲ.

ಕಾಲ ಬದಲಾದ ಮೇಲೆ 1960ರಲ್ಲಿ ಸದ್ದು ತಗ್ಗಿಸುವ ಹೊಸ ಕಾಯಿದೆ ಬಂತು. ಅದರಲ್ಲಿ ಐಸ್‌ಕ್ರೀಮ್ ಗಾಡಿಯಂಥವರು ಮಧ್ಯಾಹ್ನ ಹನ್ನೆರಡರಿಂದ ಸಂಜೆ ಏಳರವರೆಗೆ ಗಂಟೆಹಾಡು ಹಾಕಬಹುದು ಅಂತ ವೇಳೆ ಗೊತ್ತುಮಾಡಿದರು. ತಲೆಯ ಮೇಲೆ ಹಾರುವ ವಿಮಾನದ ಸದ್ದೋ? ನಿಯಮದಂತೆ ಹಾರುವ ವಿಮಾನದ ಮೇಲೆ ಉಪದ್ರವದ ದಾವೆ ಹೂಡುವಂತಿಲ್ಲ ಅಂತ ವಿಮಾನದ ಕಾಯಿದೆಯೇ ಹೇಳುತ್ತದೆ. ಗಾಡಿಯವನಿಗೆ ಗಡಿಯಾರ, ಕಂಪನಿಗೆ ಆಕಾಶ.

ರಾಜಮನೆತನದ ಮೇಲಿನ ಗೊಣಗಾಟಕ್ಕೆ ಬರೋಣ. ಅಲ್ಲಿ ರಾಜನನ್ನು ಬೈಯುವುದು ಹವೆ ಬೈದಷ್ಟೇ ಸಲೀಸು ಅಂತ ಇಂಗ್ಲಿಷರು ಹೆಮ್ಮೆಪಡುತ್ತಾರೆ. ನಗುತ್ತ ಬೈದರೆ ಸಲೀಸು, ನಿಜ. 2023ರ ಮೇ 6ರಂದು ಮೂರನೇ ಚಾರ್ಲ್ಸನ ಪಟ್ಟಾಭಿಷೇಕ. ‘ನಮ್ಮ ರಾಜನಲ್ಲ’ ಅನ್ನುವ ಫಲಕ ಹಿಡಿಯಲು ಬಂದ ‘ರಿಪಬ್ಲಿಕ್’ ಸಂಘಟನೆಯ ಆರು ಮಂದಿಯನ್ನು ಬೆಳಿಗ್ಗೆಯೇ ಹಿಡಿದರು. ಫಲಕದ ಕಟ್ಟಿಗೆ ತಂದಿದ್ದ ಪಟ್ಟಿಗಳಿಂದ ತಮ್ಮನ್ನೇ ಬಿಗಿದುಕೊಂಡು ದಾರಿ ತಡೆಯಬಹುದು ಅನ್ನುವುದು ಪೊಲೀಸರ ಅನುಮಾನ. ಅದಕ್ಕೆ ಬಳಸಿದ ಕಾಯಿದೆ ಜಾರಿಯಾಗಿ ಮೂರು ದಿನವಾಗಿತ್ತು. ದಿನವೆಲ್ಲ ಕೂಡಿಹಾಕಿ, ಮೆರವಣಿಗೆ ಮುಗಿದ ಮೇಲೆ ಬಿಟ್ಟರು. ಕೇಸು ಹಾಕಲಿಲ್ಲ, ಆಮೇಲೆ ವಿಷಾದ ಸೂಚಿಸಿದರು. ಟಿ.ವಿ. ಕೋಣೆಯ ಗೊಣಗಾಟಕ್ಕೂ ಬೀದಿಯ ಗೊಣಗಾಟಕ್ಕೂ ಇರುವ ಅಂತರ ಒಂದು ಪೊಲೀಸ್ ವ್ಯಾನಿನಷ್ಟು.

ಇದೇ ಆರ್ವೆಲ್ 1944ರಲ್ಲಿ ಒಂದು ಅಮೆರಿಕನ್ ಪತ್ರಿಕೆಗೆ ಬರೆಯುತ್ತ, ಜನರ ಅಪಾಯಕಾರಿ ಭಾವನೆಗಳು ಹೊರಗೆ ಹೋಗಲು ರಾಜ ಒಂದು ಕವಾಟದ ಹಾಗೆ ಅಂತ ಅಂದಿದ್ದ. ಭಕ್ತಿಯೆಲ್ಲ ಅಧಿಕಾರವಿಲ್ಲದ ಕಿರೀಟಕ್ಕೆ ಹೋದರೆ ಹಿಟ್ಲರನಂಥವನಿಗೆ ಹೋಗುವುದು ತಪ್ಪುತ್ತದೆ ಅನ್ನುವುದು ಅವನ ತರ್ಕ. ಕಂಬಿಬೇಲಿಯ ವಿಷಯದಲ್ಲಿ ಬೇರಿಗೆ ಹೋದವನು ಇಲ್ಲಿ ಅರ್ಧ ದಾರಿಗೆ ನಿಂತ ಅಂತ ನನ್ನ ಅಭಿಪ್ರಾಯ. ಆ ಕವಾಟದಿಂದ ಭಕ್ತಿಯೂ ಹೋಗುತ್ತದೆ, ಸಿಟ್ಟೂ ಹೋಗುತ್ತದೆ. ರಾಣಿಯ ಟೋಪಿ, ರಾಜಕುಮಾರನ ಜಗಳ ಅಂತ ಗೊಣಗುತ್ತ ಕೂತವರಿಗೆ ಲೆಕ್ಕದ ಪುಸ್ತಕ ತೆರೆಯಲು ಪುರಸೊತ್ತು ಉಳಿಯುವುದಿಲ್ಲ.

ಲೆಕ್ಕದ ಪುಸ್ತಕದ ಒಂದೇ ಪುಟ ತೆರೆಯುತ್ತೇನೆ. 2016ರ ನವೆಂಬರ್ 18ರಂದು ಬಕಿಂಗ್‌ಹ್ಯಾಮ್ ಅರಮನೆಯ ದುರಸ್ತಿಗೆ ಹತ್ತು ವರ್ಷಗಳಲ್ಲಿ 36 ಕೋಟಿ 90 ಲಕ್ಷ ಪೌಂಡ್ ಖರ್ಚು ಮಾಡುವುದಾಗಿ ಸರ್ಕಾರ ಸಾರಿತು. ವಿದ್ಯುತ್ ತಂತಿ, ಕೊಳವೆಗಳೆಲ್ಲ ಹಳೆಯವಾಗಿವೆ, ಬೆಂಕಿ ಬೀಳಬಹುದು ಅನ್ನುವುದು ಕಾರಣ. ರಾಜಮನೆತನದ ಅನುದಾನವನ್ನು ‘ಕ್ರೌನ್ ಎಸ್ಟೇಟ್’ ಆಸ್ತಿಯ ಲಾಭದ ನೂರಕ್ಕೆ 15ರ ಲೆಕ್ಕದಿಂದ 25ಕ್ಕೆ ಏರಿಸಿದರು.

ಎರಡು ದಿನ ಕಳೆದು, ನವೆಂಬರ್ 20ರಂದು, ಅದೇ ಲಂಡನ್ನಿನಲ್ಲಿ ಇನ್ನೊಂದು ಬೆಂಕಿಯ ಮಾತು ಹೊರಬಂತು. ಉತ್ತರ ಕೆನ್ಸಿಂಗ್ಟನ್ನಿನ ಗ್ರೆನ್‌ಫೆಲ್ ಟವರ್, 24 ಅಂತಸ್ತು. ಅದರ ಒಡೆತನ ಯಾವ ನಗರಸಭೆಯದೋ ಆ ನಗರಸಭೆಯ ಹೆಸರಿನಲ್ಲೇ ‘ರಾಯಲ್’ ಇದೆ, ಅದರ ಗಡಿಯೊಳಗೇ ಕೆನ್ಸಿಂಗ್ಟನ್ ಅರಮನೆಯೂ ಇದೆ. ಟವರಿನಲ್ಲಿದ್ದವರು ಮೊರಾಕೊ, ಎರಿಟ್ರಿಯಾ, ಸಿರಿಯಾ, ಬಾಂಗ್ಲಾದೇಶಗಳಿಂದ ಬಂದವರು, ಬಡ ಇಂಗ್ಲಿಷರು. ಮರಾಕೇಶದ ಸೌದೆ ಹೊತ್ತವರ ಪೈಕಿಯವರು ಅನ್ನಿ. ಅವರ ಗೊಣಗಾಟ ವರ್ಷಗಳದ್ದು: 2013ರಲ್ಲಿ ವಿದ್ಯುತ್ ಏರಿಳಿದು ಮನೆಯ ಸಾಮಾನು ಸುಟ್ಟಾಗಲೂ ದೂರಿದರು. ಅದೇ ವರ್ಷ ನಗರಸಭೆಯ ವಕೀಲರಿಂದ ಬಂದದ್ದು ಬರೆದದ್ದನ್ನು ತೆಗೆದುಹಾಕಿ ಅನ್ನುವ ನೋಟೀಸು. ಕಟ್ಟಡಕ್ಕೆ ಹೊಸ ಹೊದಿಕೆ ಹಾಕುವಾಗ ಸತುವಿನದರ ಬದಲು ಅಗ್ಗದ ಅಲ್ಯೂಮಿನಿಯಂ ಹಲಗೆ ಹಾಕಿ ಸುಮಾರು ಮೂರು ಲಕ್ಷ ಪೌಂಡ್ ಉಳಿಸಿದರು. ಆ ನವೆಂಬರ್ 20ರಂದು ಬಾಡಿಗೆದಾರರ ಗುಂಪು ಬರೆದದ್ದಿಷ್ಟು: ಜನ ಸಾಯುವಂಥ ದೊಡ್ಡ ಅನಾಹುತ ನಡೆಯುವವರೆಗೆ ನಮ್ಮನ್ನು ಆಳುವ ಸಂಸ್ಥೆಯ ಬೇಜವಾಬ್ದಾರಿ ಯಾರ ಕಣ್ಣಿಗೂ ಬೀಳುವುದಿಲ್ಲ.

2017ರ ಜೂನ್ 14ರ ರಾತ್ರಿ ಟವರ್ ಹೊತ್ತಿ ಉರಿಯಿತು. 72 ಜನ ಸತ್ತರು. ಬೆಂಕಿ ಹಬ್ಬಿದ್ದು ಆ ಹೊದಿಕೆಯ ಮೂಲಕ. 2024ರ ಸೆಪ್ಟೆಂಬರಿನಲ್ಲಿ ಹೊರಬಂದ ವಿಚಾರಣಾ ವರದಿಯಲ್ಲಿ ಒಂದು ಮಾತಿದೆ: ಕಟ್ಟಡ ನೋಡಿಕೊಳ್ಳುತ್ತಿದ್ದ ಸಂಸ್ಥೆಯವರು ಅಲ್ಲಿನ ಬಾಡಿಗೆದಾರರಲ್ಲಿ ಕೆಲವರನ್ನು ತಂಟೆಕೋರರು ಅಂತ ಎಣಿಸಿದ್ದರು.