ಸೋರದ ಕೋಣೆ, ಸೋರುವ ಪದ

ಕುಪ್ಪೇಲೂರಿನ ನನ್ನ ತವರುಮನೆಗೆ ಆಗ ಮಣ್ಣಿನ ಮಾಳಿಗೆ. ಮಳೆ ಹಿಡಿಯಿತೆಂದರೆ ಅವ್ವನಿಗೆ ಕೊಡ, ಬೋಗುಣಿ, ತಪೇಲಿ ಯಾವುವೂ ಸಾಲುತ್ತಿರಲಿಲ್ಲ. ಸೋರುವ ಜಾಗಕ್ಕೆಲ್ಲ ಒಂದೊಂದನ್ನು ಇಟ್ಟು, ಹನಿ ಬೀಳುವ ಸದ್ದಿನ ನಡುವೆಯೇ ಶರೀಫಜ್ಜನ ಮಾಳಿಗೆಯ ಪದ ಹಾಡಿಕೊಳ್ಳುತ್ತಿದ್ದಳು. ಶಿಶುನಾಳ ನಮಗೆ ಪರಸ್ಥಳವಲ್ಲ. ಅಂದು ಎರಡೂ ಊರು ಧಾರವಾಡ ಜಿಲ್ಲೆಯವು, 1997ರಿಂದ ಹಾವೇರಿ ಜಿಲ್ಲೆಯವು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಆ ಅಜ್ಜ ಮಾಳಿಗೆಯ ನೆಪದಲ್ಲಿ ಮನುಷ್ಯನ ಒಳಗಿನ ಅಜ್ಞಾನದ ಮಾತಾಡಿದ್ದಾನೆಂದು ನಾನು ಕಾಲೇಜಿನಲ್ಲಿ ಓದಿ ತಿಳಿದೆ. ಅವ್ವನಿಗೆ ಓದುವ ಅಗತ್ಯವಿರಲಿಲ್ಲ. ಸೋರುವುದಕ್ಕೆ ಪಾತ್ರೆ ಇಡುವ ಕೆಲಸ ಒಳಗೂ ಹೊರಗೂ ಅವಳದೇ ಆಗಿತ್ತಲ್ಲ!

1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದ ಮೇಲೆ ಸಿ. ಅಶ್ವತ್ಥ್ ಅವರ ತುಂಬುಕಂಠದಲ್ಲಿ ಈ ಪದಗಳು ಮನೆಮನೆಗೂ ಬಂದವು. ಮುಂದೆ 2008ರಲ್ಲಿ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ತಮ್ಮ ತಂಡದ ಮೊದಲ ಧ್ವನಿಮುದ್ರಿಕೆಯಲ್ಲಿ ಶರೀಫರ ಎರಡು ಪದ ಹಾಡಿದರು: ಒಂದು ಗುಡುಗುಡಿಯದು, ಇನ್ನೊಂದು ಮಾಳಿಗೆಯದು. ಅದನ್ನು ನನಗೆ ಕೇಳಿಸಿದವನು ತಮ್ಮನ ಮಗ. “ಅತ್ತಿ, ಕಣ್ಣು ಮುಚ್ಚಿ ಕೇಳ್ರಿ” ಎಂದು ತಂತಿಗಳನ್ನು ನನ್ನ ಕಿವಿಗೇ ಸಿಕ್ಕಿಸಿದ. ಅವನೂ ಗಿಟಾರ್ ಬಾರಿಸುವವನು. ಗೆಳೆಯರೆಲ್ಲ ಸೇರಿ ತಾವೇ ಒಂದು ಆಂಪ್ಲಿಫೈಯರ್ ಕಟ್ಟಿಕೊಂಡು, ದಸರೆಯ ರಜೆಯಲ್ಲಿ ನಮ್ಮ ಪಡಸಾಲೆಯಲ್ಲೇ ಧ್ವನಿಮುದ್ರಣ ನಡೆಸಿದ್ದರು. ಚಹಾ ಕೊಡುವ ನೆಪದಲ್ಲಿ ನಾನು ಎಲ್ಲವನ್ನೂ ನೋಡಿದೆ.

ಆ ಗಿಟಾರಿಗೆ ತನ್ನದೆಂಬ ದನಿ ಇಲ್ಲವೆನ್ನುವಷ್ಟು ಕಡಿಮೆ. ಉಕ್ಕಿನ ತಂತಿ ಅಯಸ್ಕಾಂತದ ಮೇಲೆ ನಡುಗಿದಾಗ ತಾಮ್ರದ ಸುರುಳಿಯಲ್ಲಿ ಹುಟ್ಟುವ ಎಳೆ ವಿದ್ಯುತ್ತನ್ನು ಆಂಪ್ಲಿಫೈಯರ್ ದೊಡ್ಡದು ಮಾಡಬೇಕು. ಅದರ ಶಕ್ತಿ ಮೀರಿ ದುಡಿಸಿದರೆ ನಾದ ಒಡೆದು ಗೊಗ್ಗರಾಗುತ್ತದೆ. ನಮ್ಮೂರ ಭಜನೆಯ ಆಂಪ್ಲಿಫೈಯರ್ ಹಾಗೆ ಗರಗರ ಎಂದರೆ ಸೋದರಮಾವ ಅದರ ತಲೆಗೊಂದು ಬಿಗಿದು ಸುಮ್ಮನಾಗಿಸುತ್ತಿದ್ದ. ರಾಕ್‌ನವರಿಗೆ ಬೇಕಾದದ್ದೇ ಆ ಗರಗರ! 1962ರಲ್ಲಿ ಲಂಡನ್ನಿನ ಡ್ರಮ್ ಅಂಗಡಿಯ ಜಿಮ್ ಮಾರ್ಷಲ್, ಗಿಟಾರಿನ ಹುಡುಗರು ಕೇಳಿದರೆಂದೇ ಆಂಪ್ಲಿಫೈಯರ್ ಕಟ್ಟಿಸಲು ಶುರುಮಾಡಿ ಹೆಸರಾದ.

ಆ ಪೆಟ್ಟಿಗೆಯ ಸ್ಪೀಕರಿನ ಮುಂದೆ ಒಂದು ಮೈಕು. ಹೆಚ್ಚಿನವರು ಬಳಸುವುದು 1965ರಲ್ಲಿ ಬಂದ ಶೂರ್ ಕಂಪನಿಯ ಎಸ್‌ಎಂ 57. ಸ್ಪೀಕರಿನ ನಡುವಿಗೆ ಹಿಡಿದರೆ ದನಿ ಚೂಪು, ಅಂಚಿಗೆ ಸರಿಸಿದರೆ ಮೆದು. ನಾಲ್ಕು ಬೆರಳು ಸರಿಸಿದರೂ ರುಚಿ ಬೇರೆ, ಉಪ್ಪಿನ ಹಾಗೆ. ಡ್ರಮ್ಮುಗಳಿಗೆ ಬೇರೆ ಬೇರೆ ಮೈಕು, ಹಾಡುವವನಿಗೆ ಬೇರೆಯದೇ. ಡ್ರಮ್ಮಿನ ಸದ್ದು ಹಾಡುವವನ ಮೈಕಿಗೆ ನುಗ್ಗಿದರೆ ಇವರು ಅದನ್ನು ಏನೆನ್ನುತ್ತಾರೆ ಗೊತ್ತೇ? ಸೋರಿಕೆ. ಅದು ಆಗದಿರಲೆಂದೇ ದೊಡ್ಡ ಸ್ಟುಡಿಯೋಗಳಲ್ಲಿ ಗೋಡೆಗೆ ಮೆತ್ತೆ, ನಡುವೆ ಗಾಜು. ಒಬ್ಬೊಬ್ಬರನ್ನು ಒಂದೊಂದು ಹೊತ್ತಿಗೆ ಕರೆದು ಬಾರಿಸಿಕೊಳ್ಳುವುದೂ ಉಂಟು. ನಮ್ಮ ಹುಡುಗರು ಪಡಸಾಲೆಗೆ ಮನೆಯ ಕೌದಿಗಳನ್ನೆಲ್ಲ ಇಳಿಬಿಟ್ಟಿದ್ದರು.

ಈಗ ನನ್ನ ಅನಿಸಿಕೆ ಹೇಳಬೇಕು. ರಘು ದೀಕ್ಷಿತರ ಗುಡುಗುಡಿಯ ಪದ ನನಗೆ ಒಪ್ಪಿಗೆಯಾಯಿತು. ಅದರಲ್ಲಿರುವುದೇ ಕೆಣಕುವ, ಕುಣಿಸುವ ಗುಣ. ಗಿಟಾರೂ ಡ್ರಮ್ಮೂ ಆ ತುಂಟತನಕ್ಕೆ ಹೆಗಲು ಕೊಡುತ್ತವೆ. “ತತ್ವಪದಕ್ಕೆ ಇದೇನು ಗದ್ದಲ” ಎಂದು ಮೂಗು ಮುರಿಯುವವರು ಜಾತ್ರೆಯ ಭಜನೆ ಕೇಳಿದವರಲ್ಲ. ದಮ್ಮಡಿ, ತಾಳ ಸೇರಿ ನಮ್ಮವರೇನು ಕಡಿಮೆ ಗದ್ದಲ ಮಾಡುತ್ತಾರೆಯೇ?

ಮಾಳಿಗೆಯ ಪದದ ಮಾತು ಬೇರೆ. ಹಾಡುವ ದನಿಯಲ್ಲಿ ನೋವು ನಿಜವಾಗಿದೆ, ಪ್ರತಿ ವಾದ್ಯವೂ ಹರಳಿನಂತೆ ಬಿಡಿಬಿಡಿ. ತಪ್ಪು ಹುಡುಕಿದರೆ ಸಿಗದು. ನನ್ನ ತಕರಾರೂ ಅದೇ. ಸೋರುವ ಮನೆಯ ಪದವನ್ನು ಒಂದು ಹನಿಯೂ ಸೋರದ ಕೋಣೆಯಲ್ಲಿ ಕೂತು ಹಾಡಿದಂತಿದೆ. ಹಾಡಿನ ಸುತ್ತ ಮನೆಯಿಲ್ಲ, ಮಳೆಯಿಲ್ಲ, ದನಿಗೂಡಿಸುವ ನೆರೆಯವಳಿಲ್ಲ. ಎಲ್ಲವೂ ಕಿವಿಯ ಹತ್ತಿರ ಬಂದು ನಿಂತಿವೆ, ಆದರೆ ಯಾರೂ ಯಾರ ಪಕ್ಕದಲ್ಲೂ ಕೂತಿಲ್ಲ.

ಹೀಗೆಂದಾಗ ತಮ್ಮನ ಮಗ ವಾದಿಸಲಿಲ್ಲ. “ನನಗ ಈ ಪದ ಗೊತ್ತಾಗಿದ್ದೇ ಇದರಿಂದ ಅತ್ತಿ. ಮನ್ಯಾಗ ಯಾರ್ ಹಾಡಿದ್ರಿ?” ಎಂದ.

ನಾನು ಬಾಯಿ ಮುಚ್ಚಿದೆ. ಅವ್ವ ಹಾಡಿದಳು, ನಾನು ಕೇಳಿದೆ; ನಾನು ಯಾರಿಗೂ ಹಾಡಲಿಲ್ಲ. ನನ್ನ ಮಕ್ಕಳಿಗೂ ಇಲ್ಲ, ಇವನಿಗೂ ಇಲ್ಲ. ರಾಣೆಬೆನ್ನೂರಿನ ಮನೆಯಲ್ಲಿ ಟೇಪ್‌ರೆಕಾರ್ಡರ್ ಇತ್ತು, ಅಶ್ವತ್ಥರ ಕ್ಯಾಸೆಟ್ ಇತ್ತು, ಅವರೇ ಹಾಡಿಕೊಂಡರು. ನಾವು ಇಳಿಸಿದ ಭಾರವನ್ನು ರಾಕ್‌ನವರು ಎತ್ತಿಕೊಂಡಿದ್ದಾರೆ. ಎತ್ತಿದ ರೀತಿ ಸರಿಯಿಲ್ಲವೆನ್ನುವ ಮೊದಲು ನಾವು ಇಳಿಸಿದ್ದೇಕೆಂದು ಕೇಳಿಕೊಳ್ಳಬೇಡವೇ?

ಮರುದಿನ ಟ್ರಂಕಿನ ತಳದಿಂದ ಒಂದು ಕ್ಯಾಸೆಟ್ ತೆಗೆದುಕೊಟ್ಟೆ. 1986ರ ಮಳೆಗಾಲದಲ್ಲಿ ತಮ್ಮ ಅವ್ವನಿಗೆ ತಿಳಿಯದಂತೆ ಟೇಪ್‌ರೆಕಾರ್ಡರಿನ ಗುಂಡಿ ಒತ್ತಿ ಹಿಡಿದದ್ದು. ಅದರಲ್ಲಿ ಇದೇ ಪದ. ಜೊತೆಗೆ ಬಳೆಯ ಸದ್ದು, ಅಪ್ಪನ ಕೆಮ್ಮು, ಬೋಗುಣಿಗೆ ಬೀಳುವ ಹನಿ. ಹುಡುಗ ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಫೋನ್ ಮಾಡಿದ: “ಅತ್ತಿ, ಬ್ಯಾರೆ ಸದ್ದೆಲ್ಲ ತೆಗದು ಅಜ್ಜಿ ದನಿ ಅಷ್ಟ ಉಳಸ್ಲೇನ್ರಿ?”

“ಬ್ಯಾಡೋ, ಹಂಗ ಇರ್ಲಿ” ಎಂದೆ. ಆಮೇಲೆ ಫೋನಿನಲ್ಲೇ, ನಡುಗುವ ದನಿಯಲ್ಲಿ, ಆ ಪದದ ಎರಡು ನುಡಿ ಹಾಡಿದೆ. ಮೂರನೆಯದು ಮರೆತುಹೋಗಿತ್ತು, ಅವನು ಹಾಡಿಕೊಟ್ಟ.

ಈಗ ತವರುಮನೆಗೆ ಆರ್‌ಸಿಸಿ ಹಾಕಿಸಿದ್ದಾರೆ. ಹನಿಯ ಸದ್ದು ಆ ಕ್ಯಾಸೆಟ್ಟಿನಲ್ಲಿ ಮಾತ್ರ ಇದೆ.