ಅಗ್ನಿ ನಮ್ಮ ಕೇರಿಗೆ ಬರಲಿಲ್ಲ

ನಮ್ಮ ವಿಮರ್ಶೆಗೆ ನಗುವುದೆಂದರೆ ಅಳುಕು, ಸಿನಿಮಾ ಎಂದರೆ ಮಡಿ. ಸಿದ್ಧಲಿಂಗಯ್ಯನವರ 'ಊರುಕೇರಿ' ಹಸಿವು ಅವಮಾನಗಳನ್ನು ನಗುತ್ತಲೇ ಹೇಳಿದ ಮೇಲೂ ದಲಿತ ವಿಮರ್ಶೆ ಮುಖ ಗಂಟಿಕ್ಕಿಕೊಂಡೇ ಕೂತಿದೆ. ಇಂಥ ವಿಶೇಷಾಂಕದಲ್ಲಿ ನನ್ನ ಬಾಲ್ಯದ ಫೈಟಿಂಗ್ ಹೀರೋ ಸಾಯಿಕುಮಾರ್ ಬಗ್ಗೆ ಬರೆಯಲು ಹೊರಟಿದ್ದೇನೆ. ಹಿರಿಯರು ಮನ್ನಿಸಬೇಕು.

ಥ್ರಿಲ್ಲರ್ ಮಂಜು ನಿರ್ದೇಶನದ 'ಪೊಲೀಸ್ ಸ್ಟೋರಿ' ತೆರೆಗೆ ಬಂದದ್ದು 1996ರಲ್ಲಿ. ನಾನು ನೋಡಿದ್ದು ಎಷ್ಟೋ ವರ್ಷಗಳ ಮೇಲೆ, ದೊಡ್ಡಪ್ಪನ ಮನೆಯ ಟೀವಿಯಲ್ಲಿ. ಇನ್ಸ್‌ಪೆಕ್ಟರ್ ಅಗ್ನಿ ಬಾಯಿ ತೆರೆದನೆಂದರೆ ಕೇರಿಯ ನಾಯಿಗಳೂ ಬೊಗಳುವುದನ್ನು ನಿಲ್ಲಿಸುತ್ತಿದ್ದವು. ದೊಡ್ಡವರ ಮುಂದೆ ನಿಂತು, ಕಣ್ಣು ಕೆಂಪಗೆ ಮಾಡಿ, ಉಸಿರು ಬಿಡದೆ ಬೈಯುವುದು ಅವನ ಕಸುಬು. ಮಾರನೇ ದಿನ ನಾವೆಲ್ಲ ಹುಣಸೇಬರಲು ಹಿಡಿದು ಅಗ್ನಿಗಳೇ. ಬೈಸಿಕೊಳ್ಳಲು ಯಾರೂ ಸಿಗದೆ ಆಟ ಕೆಡುತ್ತಿತ್ತು.

ಈ ಮೋಹದಲ್ಲಿ ಎರಡು ಎಳೆಗಳಿವೆ: ಒಂದು ದನಿ, ಇನ್ನೊಂದು ಖಾಕಿ. ಮೊದಲು ದನಿಯ ಮಾತು. ಸಾಯಿಕುಮಾರ್ ತೆಲುಗಿನಲ್ಲಿ ಹೆಸರಾಂತ ಡಬ್ಬಿಂಗ್ ಕಲಾವಿದರು. ಅಲ್ಲಿ ನಾಯಕನಟ ರಾಜಶೇಖರ್ ಅವರ ಆರ್ಭಟದ ಹಿಂದಿದ್ದದ್ದು ಇವರ ಗಂಟಲು. ಬೇರೆಯವರ ತುಟಿಗೆ ದನಿ ಕೊಡುತ್ತಿದ್ದ ಮನುಷ್ಯ ಕನ್ನಡಕ್ಕೆ ಬಂದು ತನ್ನ ತುಟಿಗೆ ತನ್ನದೇ ದನಿ ಸೇರಿಸಿಕೊಂಡು ನಾಯಕನಾದರು. ಇದು ನಮಗೆ ಸಣ್ಣ ಸಂಗತಿಯಲ್ಲ. ನಮ್ಮ ತುಟಿಗಳ ಮೇಲೆ ಸುಧಾರಕರು, ಪಕ್ಷಗಳು, ಕಾದಂಬರಿಕಾರರು ತಂತಮ್ಮ ದನಿ ಡಬ್ ಮಾಡುತ್ತಲೇ ಬಂದಿದ್ದಾರೆ. ತಗ್ಗಿಸದ ದನಿ ಹೇಗಿರುತ್ತದೆ ಅಂತ ಕೇರಿಯ ಹುಡುಗನಿಗೆ ಮೊದಲು ಕೇಳಿಸಿದ್ದು ಈ ಗಂಟಲಿನಿಂದ. ಆ ಋಣ ನನ್ನ ಮೇಲಿದೆ.

ಖಾಕಿಯ ಕತೆ ಬೇರೆ. ಒಂದು ಸಲ ಹೊಲದ ದಾರಿಯ ಜಗಳದಲ್ಲಿ ಹೊಡೆತ ತಿಂದು ದೊಡ್ಡಪ್ಪ ಠಾಣೆಗೆ ಹೋದ. ಅಗ್ನಿಯ ಡೈಲಾಗನ್ನು ನಮಗಿಂತ ಚೆನ್ನಾಗಿ ಹೇಳುತ್ತಿದ್ದವನು ಅಲ್ಲಿ 'ಸ್ವಾಮಿ' ಎಂಬ ಒಂದೇ ಮಾತು ಆಡಿದನಂತೆ. 'ರಾಜಿ ಮಾಡ್ಕಂಡು ಹೋಗಯ್ಯ' ಎಂದು ಕಳಿಸಿದರು. ರಾತ್ರಿ ಟೀವಿಯಲ್ಲಿ ಅಗ್ನಿ ಗುಡುಗುತ್ತಿದ್ದ. ದೊಡ್ಡಪ್ಪ ಹೇಳಿದ: 'ಆರ್ಸ್ಲಾ ಅದ. ಇವನಂಥೋನು ಒಬ್ಬನೂ ಅಲ್ಲಿರ್ನಿಲ್ಲ.' ಇದಕ್ಕಿಂತ ಒಳ್ಳೆಯ ಚಿತ್ರವಿಮರ್ಶೆಯನ್ನು ನಾನು ಎಂ.ಎ.ನಲ್ಲಿ ಓದಲಿಲ್ಲ.

ಆಮೇಲೆ ಕಾನೂನು ಓದಿದಾಗ ಒಂದು ತಮಾಷೆ ಗೊತ್ತಾಯಿತು. ದೌರ್ಜನ್ಯ ತಡೆ ಕಾಯ್ದೆ ಬಂದದ್ದು 1989ರಲ್ಲಿ. ಅದರ 1995ರ ನಿಯಮಗಳ ಪ್ರಕಾರ ತನಿಖೆ ಮಾಡುವವರು ಡಿವೈಎಸ್‌ಪಿಗಿಂತ ಕೆಳಗಿನವರಾಗಿರಕೂಡದು. ಹಾಗಾಗಿ 1996ರ ಇನ್ಸ್‌ಪೆಕ್ಟರ್ ಅಗ್ನಿಗೆ ದೊಡ್ಡಪ್ಪನ ಕೇಸು ಮುಟ್ಟುವ ಅರ್ಹತೆಯೇ ಇರಲಿಲ್ಲ! ಸರಿ, 1997ರಲ್ಲಿ 'ಅಗ್ನಿ ಐಪಿಎಸ್' ಬಂತು, ಅರ್ಹತೆಯೂ ಬಂತು. ಆದರೂ ಅಗ್ನಿ ನಮ್ಮ ಕೇರಿಗೆ ಬರಲಿಲ್ಲ. ಅವನ ಕೋಪವೆಲ್ಲ ಕೆಟ್ಟ ರಾಜಕಾರಣಿಯ ಮೇಲೆ, ರೌಡಿಯ ಮೇಲೆ. ಕೆಟ್ಟವನೊಬ್ಬ ಸತ್ತರೆ ವ್ಯವಸ್ಥೆ ಸರಿಹೋಗುತ್ತದೆಂಬುದು ಈ ಚಿತ್ರಗಳ ನಂಬಿಕೆ. ಒಂದು ಊರಿಗೆ ಊರೇ ಕೆಟ್ಟವನಾಗಿ ನಿಂತಾಗ ಯಾರಿಗೆ ಗುಂಡು ಹೊಡೆಯಬೇಕೆಂದು ಅಗ್ನಿಗೆ ಗೊತ್ತಿಲ್ಲ.

2000ದ ಮಾರ್ಚ್ 11ರಂದು, ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. ಅಲ್ಲಿಗೆ ಬಂದ ಅಗ್ನಿ ಅದೊಂದೇ. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳ ಬಿಡುಗಡೆಯಾಯಿತು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಸಾಕ್ಷಿ ತಿರುಗಿಬೀಳುವುದೆಂದರೇನು? ಕಟಕಟೆಯಲ್ಲಿ ನಿಂತ ಮನುಷ್ಯನ ತುಟಿಗೆ ಊರು ತನ್ನ ದನಿ ಡಬ್ ಮಾಡುವುದು. ಈ ಡಬ್ಬಿಂಗಿನ ಬಗ್ಗೆ ನಮ್ಮ ಸಿನಿಮಾ ಮಾತಾಡಿದ್ದು ಕಡಿಮೆ.

ಈಗ ಸಾಯಿಕುಮಾರ್ ನಾಯಕರಲ್ಲ, ಪೋಷಕ ಪಾತ್ರಗಳ ಹಿರಿಯರು. 2011ರ 'ಕೆಂಪೇಗೌಡ'ದಲ್ಲಿ ಅವರ ತಮ್ಮ ರವಿಶಂಕರ್ ಅದೇ ಮನೆತನದ ಗಂಟಲಿನಲ್ಲಿ ಆರ್ಮುಗಂ ಆಗಿ ಗುಡುಗಿದರು. ಅಣ್ಣ ಪೊಲೀಸು, ತಮ್ಮ ರೌಡಿ, ಆರ್ಭಟ ಮಾತ್ರ ಒಂದೇ. ವಿಮರ್ಶಕರಿಗೆ ಇದು ವಿಶೇಷ ಅನ್ನಿಸಬಹುದು. ಕೇರಿಗೆ ಅನ್ನಿಸಲಿಲ್ಲ. ಊರಿನ ರೌಡಿಯೂ ಠಾಣೆಯ ದೊರೆಯೂ ನಮ್ಮ ಜೊತೆ ಯಾವಾಗಲೂ ಒಂದೇ ದನಿಯಲ್ಲಿ ಮಾತಾಡಿದವರು ತಾನೇ.

ಹಾಗಾದರೆ ಈ ನಟನನ್ನು ಬಿಟ್ಟುಬಿಡಬೇಕೇ? ನನಗೆ ಆಗುವುದಿಲ್ಲ. ಖಾಕಿಯನ್ನು ವಾಪಸು ಕೊಟ್ಟು ದನಿಯನ್ನು ಇಟ್ಟುಕೊಳ್ಳುತ್ತೇನೆ. ಲೆಕ್ಚರರ್ ಆದ ಮೊದಲ ದಿನ ಭಯ ಮುಚ್ಚಿಕೊಳ್ಳಲು ಕ್ಲಾಸಿನಲ್ಲಿ ನಾನೂ ಅಗ್ನಿಯ ಹಾಗೆ ಗುಡುಗಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, 'ಸಾರ್, ಸ್ವಲ್ಪ ಮೆಲ್ಲಗೆ ಹೇಳಿ, ನಾವೂ ಮಾತಾಡ್ಬೇಕು' ಅಂದಳು. ಅವತ್ತಿನಿಂದ ಮೆಲ್ಲಗೆ ಮಾತಾಡುವುದನ್ನು ಕಲಿಯುತ್ತಿದ್ದೇನೆ. ದೊಡ್ಡಪ್ಪ 'ಸ್ವಾಮಿ' ಎನ್ನದೆ, ಕೂಗದೆ, ಕುರ್ಚಿ ಎಳೆದು ಕೂತು ದೂರು ಬರೆಸುವ ಸಿನಿಮಾ ಒಂದು ಬರಬೇಕು. ಅದರಲ್ಲಿ ಫೈಟಿಂಗ್ ಇಲ್ಲದಿದ್ದರೂ ಮೊದಲ ಟಿಕೆಟ್ ನನ್ನದೇ.