ರಷ್ಯನ್ ಕಾದಂಬರಿಗಳೂ ಸಾಮಾನ್ಯ ವಾಚಕರೂ

ಪರಭಾಷೆಯ ಮಹಾಗ್ರಂಥವು ಜನಸಾಮಾನ್ಯರಿಗೆ ದಕ್ಕಬೇಕಾದರೆ ಅದರ ಭಾಷಾಂತರವು ಸುಲಭವಾಗಿ ಓದಿಸಿಕೊಂಡು ಹೋದರೆ ಸಾಕೆಂಬುದು ಅನೇಕರ ಅಭಿಪ್ರಾಯ. ಈ ಅಭಿಪ್ರಾಯವನ್ನು ಒರೆಗೆ ಹಚ್ಚಲು ಕಾನ್‌ಸ್ಟನ್ಸ್ ಗಾರ್ನೆಟ್ (1861–1946) ಎಂಬ ಆಂಗ್ಲ ವಿದುಷಿಯ ಕೃತಿಗಳು ತಕ್ಕ ನಿದರ್ಶನವಾಗಿವೆ.

ತುರ್ಗೇನೆವ್, ಟಾಲ್‌ಸ್ಟಾಯ್, ದಾಸ್ತೊಯೆವ್‌ಸ್ಕಿ, ಚೆಕಾಫ್ ಮೊದಲಾದವರ ಸುಮಾರು 70 ಸಂಪುಟಗಳನ್ನು ಆಕೆ ಇಂಗ್ಲೀಷಿಗೆ ತಂದಳು. ‘ಅನ್ನಾ ಕರೆನಿನಾ’ 1901ರಲ್ಲಿಯೂ ‘ಕರಮಜೋವ್ ಸಹೋದರರು’ 1912ರಲ್ಲಿಯೂ ಹೊರಬಂದುವು. ಆಕೆಯ ಗದ್ಯ ತಿಳಿಯಾದುದು, ಎಡವದೆ ಹರಿಯುವಂಥದು. ಇಂಗ್ಲೀಷು ಬಲ್ಲ ಮನೆಗಳನ್ನು ರಷ್ಯನ್ ಕಾದಂಬರಿಯು ಹೊಕ್ಕುದು ಬಹುಮಟ್ಟಿಗೆ ಆ ಗದ್ಯದ ಉಪಕಾರದಿಂದಲೇ.

ಆದರೆ ಗುಣವೇ ಇಲ್ಲಿ ದೋಷವೂ ಆಗಿದೆ. ಉದ್ವೇಗದಿಂದ ತಡವರಿಸುವ ದಾಸ್ತೊಯೆವ್‌ಸ್ಕಿಯ ವಾಕ್ಯವೂ ತುರ್ಗೇನೆವನ ನಯವಾದ ವಾಕ್ಯವೂ ಒಂದೇ ಕಂಠದಿಂದ ಹೊರಟಂತೆ ಕೇಳುತ್ತವೆ. ಕವಿ ಬ್ರಾಡ್‌ಸ್ಕಿಯ ಆಕ್ಷೇಪಣೆಯೂ ಇದೇ. 1990ರಲ್ಲಿ ಪೆವಿಯರ್ ಮತ್ತು ವೊಲೊಖೊನ್‌ಸ್ಕಿ ದಂಪತಿಗಳು ‘ಕರಮಜೋವ್ ಸಹೋದರರು’ ಕಾದಂಬರಿಯನ್ನು ಮತ್ತೆ ಭಾಷಾಂತರಿಸಿದಾಗ ಮೂಲದ ಒರಟನ್ನು ಉಳಿಸಲು ಯತ್ನಿಸಿದರು.

ಇನ್ನೊಂದು ನಷ್ಟ ಭಾಷಾಂತರಕಾರಳದಲ್ಲ, ಇಂಗ್ಲೀಷಿನದು. ಕನ್ನಡದ ‘ನೀನು’, ‘ನೀವು’ಗಳಂತೆ ರಷ್ಯನ್ನಿನಲ್ಲಿಯೂ ಎರಡು ಸಂಬೋಧನೆಗಳಿವೆ, ಇಂದಿನ ಇಂಗ್ಲೀಷಿಗೆ ಒಂದೇ ಗತಿ. ‘ಅನ್ನಾ ಕರೆನಿನಾ’ದ ಮೂರನೆಯ ಭಾಗದಲ್ಲಿ ಮನನೊಂದ ಗಂಡನು ಹೆಂಡತಿಗೆ ಫ್ರೆಂಚಿನಲ್ಲಿ ಕಾಗದ ಬರೆಯುತ್ತಾನೆ, ರಷ್ಯನ್ನಿನ ‘ನೀವು’ ಎಂಬುದರಲ್ಲಿರುವ ಶೈತ್ಯ ಫ್ರೆಂಚಿನ ಬಹುವಚನದಲ್ಲಿಲ್ಲವೆಂಬುದೇ ಕಾರಣ. ಇಂಗ್ಲೀಷು ಓದುಗನಿಗೆ ಇದನ್ನು ವಿವರಿಸಬೇಕು. ಹೆಂಡತಿಯನ್ನು ಥಟ್ಟನೆ ‘ನೀವು’ ಎನ್ನುವ ಗಂಡನ ಮನಸ್ಸು ಕನ್ನಡಿಗನಿಗೆ ವಿವರಣೆಯಿಲ್ಲದೆ ತಿಳಿಯುತ್ತದೆ.

ಹೆಸರುಗಳ ಸಂಗತಿಯೂ ಹೀಗೆಯೇ. ರಸ್ಕೋಲ್ನಿಕೊವನನ್ನು ಪರರು ಮರ್ಯಾದೆಯಿಂದ ತಂದೆಯ ಹೆಸರು ಕೂಡಿಸಿ ‘ರೊಡಿಯೊನ್ ರೊಮಾನೊವಿಚ್’ ಎನ್ನುವರು; ತಾಯಿಗೆ ಅವನು ‘ರೋದ್ಯಾ’. ಓದುಗನಿಗೆ ತೊಡಕಾದೀತೆಂದು ಎಲ್ಲೆಡೆಯೂ ಒಂದೇ ಹೆಸರಿಟ್ಟರೆ ತಾಯಿಯ ಮಮತೆಯೇ ಮಾಯವಾಗುತ್ತದೆ. ಗ್ರಂಥದ ಮೊದಲಲ್ಲಿ ಪಾತ್ರಗಳದೊಂದು ಪಟ್ಟಿಯಿದ್ದರೆ ತೊಡಕು ನೀಗುತ್ತದೆ, ಮಮತೆಯೂ ಉಳಿಯುತ್ತದೆ.

ಇಂಗ್ಲೀಷಿನ ಮೂಲಕ ಕನ್ನಡಿಸುವವನು ಈ ಭೇದಗಳನ್ನು ಊಹೆಯಿಂದ ತುಂಬಬೇಕಾಗುತ್ತದೆ. ಮೂಲದಲ್ಲಿ ‘ನೀವು’ ಇದ್ದೆಡೆ ಅವನು ‘ನೀನು’ ಎಂದರೆ ಇಡೀ ಪ್ರಸಂಗವೇ ಬೇರೆಯಾದೀತು. ರಷ್ಯನ್ ಬಲ್ಲವರೊಬ್ಬರಿಂದ ಸಂಭಾಷಣೆಗಳನ್ನಾದರೂ ಮೂಲದೊಡನೆ ತಾಳೆನೋಡಿಸುವುದು ಅಸಾಧ್ಯವಾದ ಕಾರ್ಯವಲ್ಲ. ಗಾರ್ನೆಟ್ ಬಾಗಿಲನ್ನು ತೆರೆದಳು. ಒಳಗಿನವರು ಒಬ್ಬರನ್ನೊಬ್ಬರು ಹೇಗೆ ಕರೆಯುತ್ತಾರೆಂಬುದನ್ನು ಕೇಳಿಸುವ ಶಕ್ತಿ ಕನ್ನಡಕ್ಕೆ ಹುಟ್ಟಿನಿಂದಲೇ ಬಂದಿದೆ. ಅದನ್ನು ಬಳಸದಿರುವುದು ವಾಚಕನಿಗೆ ಮಾಡುವ ಅನ್ಯಾಯ.